ಕೊಡೆ ಅಳತೆಯ ರೈಲು

ಭಾನುವಾರ ನಂದಿ ಬೆಟ್ಟಕ್ಕೇ ಹೋಗಬೇಕು ಅಂತ ಮಗಳ ಹಟ. ಭಾನುವಾರ ಅಲ್ಲಿ ಮಂಜಿಗಿಂತ ಕಾರುಗಳೇ ಜಾಸ್ತಿ. "ನಂದಿ ಹಾಲ್ಟ್ ತೋರಿಸ್ತೀನಿ ಬಾರೇ, ನಮ್ಮ ಕಾಲದ ಸ್ಟೇಷನ್ನು" ಅಂದರು ಅಪ್ಪ. ಚಿಕ್ಕಬಳ್ಳಾಪುರದಿಂದ ಒಂದೇ ಸ್ಟೇಷನ್. ಹೆಂಡತಿ ಪುಳಿಯೋಗರೆ ಡಬ್ಬಿಗೆ ತುಂಬಿದಳು. ಹೋಗಿಬರುವ ಟಿಕೆಟ್ ಒಟ್ಟಿಗೇ ತೆಗೆದು ಜೇಬಿಗಿಟ್ಟೆ. ಅಪ್ಪ ಕೊಡೆ ಹಿಡಿದರು. ಮೋಡ ಇರಲಿಲ್ಲ, ಆದರೂ ಹಿಡಿದರು.

ಯಲಹಂಕದಿಂದ ಇಲ್ಲಿಗೆ ರೈಲು ಬಂದಿದ್ದು 1915ರ ಸುಮಾರಿಗೆ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ. ಅವರ ಹುಟ್ಟೂರು ಮುದ್ದೇನಹಳ್ಳಿಯೂ ಇಲ್ಲೇ ಪಕ್ಕದಲ್ಲಿ, ಅಲ್ವಾ. ಆಗ ಇದ್ದಿದ್ದು ನ್ಯಾರೋ ಗೇಜ್, ಅಂದರೆ ಎರಡು ಹಳಿಗಳ ನಡುವೆ ಅಂತರ ಕಡಿಮೆ. ಖರ್ಚು ಕಡಿಮೆ, ರೈಲೂ ಪುಟಾಣಿ.

"ಎಷ್ಟು ಪುಟಾಣಿ ತಾತಾ?"

ಅಪ್ಪ ಕಾಯುತ್ತಿದ್ದಿದ್ದೇ ಇದಕ್ಕೆ. ನಂದಿ ಹಾಲ್ಟ್‌ನಲ್ಲಿ ಇಳಿದವರೇ ಹೆಂಚಿನ ಮಾಡಿನ ಕೆಳಗೆ, ಕಲ್ಲುಬೆಂಚಿನ ಮೇಲೆ ಕೊಡೆ ಮಲಗಿಸಿದರು. "ಹಿಡಿ ಬಿಟ್ಟು ಲೆಕ್ಕ ಹಾಕು. ಎರಡೂವರೆ ಅಡಿ. ಈ ತುದಿಗೊಂದು ಹಳಿ, ಆ ತುದಿಗೊಂದು ಹಳಿ." ಈಗಿನ ಬ್ರಾಡ್ ಗೇಜ್ ಅಂದರೆ ಎರಡು ಕೊಡೆ, ಮೇಲೆ ಅರ್ಧ ಅಡಿ. ಕೋಲಾರದ ಕಡೆಗೂ ಇದೇ ಅಗಲದ ಹಳಿ ಬಂದಿದ್ದು 2013ರಲ್ಲಿ. ಮಗಳಿಗೆ ಇಸವಿ ಬೇಕಿರಲಿಲ್ಲ. ಅವಳು ಬೆಂಚನ್ನೆಲ್ಲ ಕೊಡೆಯಲ್ಲಿ ಅಳೆಯುತ್ತಿದ್ದಳು.

"ಆ ರೈಲಿಂದ ಇಳಿದು, ಹುಣಸೆಕಾಯಿ ಕಿತ್ತುಕೊಂಡು, ಓಡಿ ಮತ್ತೆ ಹತ್ತುತ್ತಿದ್ವಿ" ಅಂದರು ಅಪ್ಪ. ಈ ಕಥೆ ನಮ್ಮ ಕಡೆಯ ಎಲ್ಲ ಮನೆಯಲ್ಲೂ ಒಬ್ಬರು ಹೇಳುತ್ತಾರೆ. ಅಷ್ಟೊಂದು ಹುಣಸೆಮರ ಎಲ್ಲಿತ್ತೋ.

ಭೋಗನಂದೀಶ್ವರನಿಗೆ ಕೈಮುಗಿದು ಬಂದು ಪ್ಲಾಟ್‌ಫಾರ್ಮ್‌ನಲ್ಲಿ ಕೂತೆವು. ರೈಲು ಬಂತು. ಹೆಂಡತಿ ಡಬ್ಬಿ ಹಿಡಿದು ಹತ್ತಿದಳು, ಮಗಳೂ ಹತ್ತಿದಳು. ಅಪ್ಪ ತಿರುಗಿ ನೋಡಿ, "ಕೊಡೆ!" ಅಂದರು.

"ಅಪ್ಪಾ, ಬನ್ನಿ, ಹೊರಡುತ್ತೆ!"

"ಇರೋ, ಏನು ಅವಸರ."

ಇದು ಹುಣಸೆಕಾಯಿ ರೈಲಲ್ಲ. ಅವರು ಬೆಂಚು ಮುಟ್ಟುವುದರೊಳಗೆ ಹೊರಟೇಬಿಟ್ಟಿತು. ಕಿಟಕಿಯಲ್ಲಿ ಮಗಳು ಖುಷಿಯಾಗಿ ಟಾಟಾ ಮಾಡುತ್ತಿದ್ದಳು.

ಫೋನು ಬಂತು. "ರೀ, ಟಿಕೆಟ್ ಎಲ್ಲಿ?"

"ನನ್ನ ಜೇಬಲ್ಲಿ. ಪುಳಿಯೋಗರೆ?"

"ನನ್ನ ಮಡಿಲಲ್ಲಿ."

ಅಪ್ಪ ಕೊಡೆ ಬಿಚ್ಚಿ ಹಿಡಿದು, ಹಳಿ ನೋಡುತ್ತಾ ನಿಂತಿದ್ದರು. "ನೋಡು, ಅಗಲ ಮಾಡಿದ್ದೇ ತಪ್ಪಾಯ್ತು" ಅಂದರು.