ಪ್ಲೇಟ್ ಥರ ಇದೆ ಸಾರ್!

ಶಿವಮೊಗ್ಗದ ಸುತ್ತಮುತ್ತ ಸೈಟ್ ತೋರಿಸುವುದಕ್ಕೂ ಒಂದು ಸೀಸನ್ ಇದೆ. ಅಪ್ಪೆಮಿಡಿ ಸಂತೆಗೆ ಬರುವ ಹೊತ್ತಿಗೆ ಶುರು, ಮುಂಗಾರು ಗುಡುಗಿದರೆ ಬಂದ್. ಈ ಏಪ್ರಿಲ್‌ನಲ್ಲಿ ನಾನೂ ಒಂದನ್ನು ನೋಡಿ ಬಂದೆ. "ಪ್ಲೇಟ್ ಥರ ಇದೆ ಸಾರ್, ಮಟ್ಟ ಮಾಡೋ ಖರ್ಚೇ ಇಲ್ಲ" ಅಂದ ಬ್ರೋಕರ್.

ಹೌದಪ್ಪಾ, ಪ್ಲೇಟ್ ಥರಾನೇ ಇದೆ. ಆದರೆ ಮಲೆನಾಡಿನಲ್ಲಿ ನೆಲ ಸುಮ್ನೆ ಚಪ್ಪಟೆ ಆಗುವುದಿಲ್ಲ. ಯಾರೋ ಅದನ್ನು ಮಟ್ಟ ಮಾಡಿದ್ದಾರೆ, ಬದು ಹಾಕಿದ್ದಾರೆ, ವರ್ಷ ವರ್ಷವೂ ಕೆಸರು ಹೂಡಿ, ತುಳಿದು, ನೀರು ಇಂಗದ ಹಾಗೆ ಅಡಿಯ ಮಣ್ಣನ್ನು ಗಟ್ಟಿ ಮಾಡಿದ್ದಾರೆ. ಮೇಲಿನ ಮಕ್ಕಿ ಗದ್ದೆಯ ನೀರು ಕೆಳಗಿನ ಬೈಲು ಗದ್ದೆಗೆ, ಅಲ್ಲಿಂದ ಹಳ್ಳಕ್ಕೆ. ಅಜ್ಜ ಮುತ್ತಜ್ಜಂದಿರು ಅಷ್ಟೆಲ್ಲ ಒದ್ದಾಡಿದ್ದು ಇಲ್ಲಿ ನೀರು ನಿಲ್ಲಲಿ ಅಂತ. ಅದೇ ಗದ್ದೆಗೆ ಕನ್ವರ್ಷನ್ ಆಯ್ತು, ಲೇಔಟ್ ಆಯ್ತು, ಬಾಗಿಲಿಗೊಂದು ಕಮಾನು ಎದ್ದಿತು. ಈಗ ಅಲ್ಲಿ ಮನೆ ಕಟ್ಟಿದವರ ದೂರು ಏನು ಗೊತ್ತಾ? ನೀರು ನಿಲ್ಲುತ್ತದಂತೆ!

ಅದಕ್ಕೂ ಮದ್ದಿದೆ. ಮಣ್ಣು ತುಂಬಿಸುವುದು. ಮಣ್ಣು ಎಲ್ಲಿಂದ? ಪಕ್ಕದ ಗುಡ್ಡದಿಂದ. ಜೆಸಿಬಿ ಬಂದು ಧರೆಯನ್ನು, ಅಂದರೆ ಗುಡ್ಡದ ಇಳಿಜಾರನ್ನು, ಗೋಡೆ ಥರ ನೆಟ್ಟಗೆ ಕಡಿಯುತ್ತದೆ, ಕಡಿದ ಜಾಗದಲ್ಲೂ ನಾಲ್ಕು ಸೈಟ್ ಏಳುತ್ತದೆ, ಅದರ ಹೆಸರು 'ಹಿಲ್ ವ್ಯೂ', ರೇಟು ಜಾಸ್ತಿ. ಜುಲೈಯಲ್ಲಿ ಆ ವ್ಯೂ ಕೆಳಗಿಳಿದು ಅಡುಗೆಮನೆಗೇ ಬಂದರೆ ಪೇಪರಿನಲ್ಲಿ 'ಧರೆ ಕುಸಿತ' ಅಂತ ಬರುತ್ತದೆ. ತಪ್ಪೆಲ್ಲ ಧರೆಯದ್ದೇ, ಪಾಪ. ಬಿದ್ದ ಮಣ್ಣು ತೆಗೆಯಲು ಮತ್ತೆ ಅದೇ ಜೆಸಿಬಿ, ಗಂಟೆ ಲೆಕ್ಕ. (ಅಡಿಕೆ ತೋಟದ ಕನಸು ಬಿಟ್ಟು ಜೆಸಿಬಿ ಕೊಳ್ಳುವುದೇ ವಾಸಿ ಅಂತ ನನಗೂ ಅನಿಸಿದ್ದುಂಟು.)

ಊರೊಳಗಿನ ಕಥೆ ಬೇರೆ ಏನಲ್ಲ. ನಾವು 2016ರಲ್ಲೇ ಸ್ಮಾರ್ಟ್ ಸಿಟಿ ಪಟ್ಟಿ ಸೇರಿದವರು. ಆದರೂ ಹೊಳೆ ಎಷ್ಟು ಬಂತು ಅಂತ ತಿಳಿಯಲು ಜನ ಈಗಲೂ ಓಡುವುದು ಕೋರ್ಪಲಯ್ಯ ಛತ್ರದ ಹತ್ತಿರ, ನೀರಿನಲ್ಲಿ ನಿಂತ ಕಲ್ಲಿನ ಮಂಟಪ ನೋಡಲು. ಮಂಟಪ ಮುಳುಗಿದರೆ ತುಂಗೆ ತುಂಬಿದಳು ಅಂತ ಲೆಕ್ಕ. ಊರಲ್ಲಿ ಒಂದು ಹನಿ ಬೀಳದಿದ್ದರೂ ಸರಿ, ಶೃಂಗೇರಿ, ಆಗುಂಬೆ, ತೀರ್ಥಹಳ್ಳಿ ಕಡೆ ಹೊಯ್ದರೆ ಸಾಕು. 2019ರ ಆಗಸ್ಟ್‌ನಲ್ಲಿ ಹೊಳೆ ಬಡಾವಣೆಗಳಿಗೇ ಬಂದಾಗ ಎಲ್ಲರೂ 'ನುಗ್ಗಿತು' ಅಂದರು. ಮೊದಲು ನುಗ್ಗಿದವರು ಯಾರು ಅಂತ ಹೊಳೆಯನ್ನು ಕೇಳಿದವರಿಲ್ಲ.

ಮೊನ್ನೆ ಮಳೆ ಹಿಡಿದಾಗ, ಆ ಪ್ಲೇಟನ್ನು ಇನ್ನೊಮ್ಮೆ ನೋಡೋಣ ಅಂತ ಬ್ರೋಕರ್‌ಗೆ ಫೋನ್ ಮಾಡಿದೆ.

"ಅಯ್ಯೋ, ಈಗ ಬೇಡ ಸಾರ್, ಕಾರು ಹೂತುಹೋಗುತ್ತೆ. ಅಪ್ಪೆಮಿಡಿ ಟೈಮಲ್ಲಿ ಬನ್ನಿ."