ಅಪ್ಪೆಮಿಡಿಯ ಅರ್ಜಿ ಮತ್ತು ಆರು ಸಾವಿರ ಪುಟ

ಕಳೆದ ತಿಂಗಳು ಹುಲೇಕಲ್ ಕಡೆಯ ಅಕ್ಕ ಒಬ್ಬರು ನನ್ನ ಅಂಗಡಿಗೆ ಬಂದರು. ಅಂಗಡಿಯೆಂದರೆ ದೊಡ್ಡದೇನಲ್ಲ. ಶಿರಸಿಯ ಹಳೆ ಬಸ್ ನಿಲ್ದಾಣದ ಹತ್ತಿರ ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಯಂತ್ರ, ಮಳೆಗಾಲದಲ್ಲಿ ಬೂಷ್ಟು ಹಿಡಿಯುವ ಒಂದು ಗೋಡೆ. ಅಕ್ಕನ ಸ್ವಸಹಾಯ ಸಂಘದವರು ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತಾರೆ. ಸಹಾಯಧನವೊಂದಕ್ಕೆ ಅರ್ಜಿ ಹಾಕಬೇಕಿತ್ತು. ಕಾರವಾರದ ಕಚೇರಿಯೊಂದರಿಂದ ನಮೂನೆ ವಾಟ್ಸ್‌ಆ್ಯಪಿನಲ್ಲಿ ವರ್ಡ್ ಫೈಲಾಗಿ ಬಂದಿತ್ತು. ಇದೇ ಫೈಲಿನಲ್ಲಿ ತುಂಬಿ ಇ-ಮೇಲ್ ಮಾಡತಕ್ಕದ್ದು, ಬೇರೆ ರೂಪದಲ್ಲಿ ಬಂದ ಅರ್ಜಿಗಳನ್ನು ಪರಿಗಣಿಸುವುದಿಲ್ಲ ಎಂದು ಕೆಳಗೆ ದಪ್ಪಕ್ಷರದ ಸೂಚನೆ.

ನಾನು ವರ್ಡ್ ಬದಲು ಲಿಬ್ರೆಆಫೀಸ್ ಎಂಬ ಉಚಿತ ಮುಕ್ತ ತಂತ್ರಾಂಶ ಬಳಸುವವನು. ಅದರಲ್ಲಿ ತೆರೆದರೆ ಕೋಷ್ಟಕದ ಗೆರೆಗಳು ಕಾಗದದ ಅಂಚು ದಾಟಿ ಹೋಗಿದ್ದವು. ಅಕ್ಷರಗಳು ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದವು. ಒಂದು ತಾಸು ಕೂತು ಸರಿಪಡಿಸಿ, ತುಂಬಿ, ವರ್ಡ್ ರೂಪದಲ್ಲೇ ಉಳಿಸಿ ಕಳುಹಿಸಿದೆ. ನಾಲ್ಕನೆಯ ದಿನ ಅಕ್ಕನಿಗೆ ಫೋನು ಬಂತು, ನಮೂನೆ ಬದಲಾಗಿದೆ, ಅರ್ಜಿ ನಡೆಯುವುದಿಲ್ಲ ಎಂದು. ಬದಲಾದದ್ದು ಇಷ್ಟೇ: ಆರನೆಯ ಕಲಮು ಮೊದಲ ಪುಟದಿಂದ ಎರಡನೆಯ ಪುಟಕ್ಕೆ ಜಾರಿತ್ತು. ಮಿಡಿ ಎಷ್ಟು ಕ್ವಿಂಟಲ್, ಹೆಂಗಸರು ಎಷ್ಟು ಜನ, ಬ್ಯಾಂಕಿನ ಖಾತೆ ಯಾವುದು ಎಂಬುದೆಲ್ಲ ಇದ್ದಲ್ಲೇ ಇತ್ತು. ಕೊನೆಗೆ ಅಕ್ಕ ಮುದ್ರಿಸಿದ ಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ಬೆಳಗಿನ ಬಸ್ಸಿಗೆ ದೇವಿಮನೆ ಘಟ್ಟ ಇಳಿದು, ಕಾರವಾರಕ್ಕೆ ಹೋಗಿ ಕೊಟ್ಟು ಬಂದರು. ಇ-ಮೇಲ್ ಎಂಬುದನ್ನು ಕಂಡುಹಿಡಿದದ್ದೇ ಈ ಬಸ್ಸು ತಪ್ಪಿಸಲಿಕ್ಕೆ ಎಂದು ನಾನು ತಿಳಿದಿದ್ದೆ.

ಊರಿಗೆ ಬಂದಿದ್ದ ಬೆಂಗಳೂರಿನ ಎಂಜಿನಿಯರ್ ನೆಂಟನೊಬ್ಬನಿಗೆ ಇದನ್ನು ಹೇಳಿದರೆ ಅವನು ನಕ್ಕುಬಿಟ್ಟ. "ಭಾವಾ, ದುಡ್ಡು ಕೊಟ್ಟು ಮೈಕ್ರೋಸಾಫ್ಟಿನ ಅಸಲಿ ಆಫೀಸ್ ಹಾಕಿಕೊಂಡುಬಿಡು, ರಗಳೆಯೇ ಇಲ್ಲ" ಎಂದ. ನನ್ನ ರಗಳೆ ಮುಗಿದೀತು, ನಿಜ. ಆದರೆ ಸರ್ಕಾರದ ಸಹಾಯ ಕೇಳುವ ಮೊದಲು ಪ್ರಜೆ ಒಂದು ಕಂಪನಿಯ ಗಿರಾಕಿಯಾಗಿರಬೇಕು ಎಂಬ ನಿಯಮ ಯಾವ ಕಾಯ್ದೆಯಲ್ಲಿದೆ? ಅವನು ಮಾತು ಬದಲಿಸಿ ಈ ವರ್ಷದ ಚಾಲಿ ಅಡಿಕೆಯ ದರ ಕೇಳಿದ.

ಈ ಜಗಳ ಹಳೆಯದು. ಫೈಲಿನೊಳಗೆ ಯಾವ ವಿಷಯ ಎಲ್ಲಿ, ಹೇಗೆ ಕೂತಿದೆ ಎಂಬ ವಿವರವನ್ನು ಬಹಿರಂಗವಾಗಿ ಬರೆದಿಟ್ಟು, ರಾಯಧನ ಕೇಳದೆ, ಯಾರು ಬೇಕಾದರೂ ಅದನ್ನು ಓದುವ ತಂತ್ರಾಂಶ ಮಾಡಿಕೊಳ್ಳಿ ಎಂದು ಬಿಟ್ಟರೆ ಅದು ಮುಕ್ತ ಶಿಷ್ಟತೆ, ಇಂಗ್ಲಿಷಿನ ಓಪನ್ ಸ್ಟ್ಯಾಂಡರ್ಡ್. ಲಿಬ್ರೆಆಫೀಸ್ ಬಳಸುವ ಫೈಲಿನ ರೂಪ ಓಪನ್ ಡಾಕ್ಯುಮೆಂಟ್, ಅಂದರೆ ಒಡಿಎಫ್, 2005ರಲ್ಲಿ ಓಯಾಸಿಸ್ ಎಂಬ ಸಂಸ್ಥೆಯ ಶಿಷ್ಟತೆಯಾಯಿತು, 2006ರಲ್ಲಿ ಅಂತರರಾಷ್ಟ್ರೀಯ ಶಿಷ್ಟತಾ ಸಂಸ್ಥೆಯಾದ ಐಎಸ್‌ಒ ಅದನ್ನು ಒಪ್ಪಿಕೊಂಡಿತು. ಮೈಕ್ರೋಸಾಫ್ಟ್ ಸುಮ್ಮನೆ ಕೂರಲಿಲ್ಲ. ತನ್ನದೇ ರೂಪವನ್ನು, ನಾವು ದಿನಾ ನೋಡುವ ಡಾಕ್ಸ್ ಫೈಲನ್ನು, ಎಕ್ಮಾ ಸಂಸ್ಥೆಯ ಮೂಲಕ ಶಿಷ್ಟತೆ ಮಾಡಿಸಿ ಐಎಸ್‌ಒ ಮುಂದಿಟ್ಟಿತು. ಒಡಿಎಫ್‌ನ ವಿವರಣೆ ಏಳುನೂರು ಪುಟದ ಆಸುಪಾಸು. ಇದರದ್ದು ಸುಮಾರು ಆರು ಸಾವಿರ ಪುಟ!

ಪುಟ ಹೆಚ್ಚಾದದ್ದಕ್ಕೆ ನನ್ನ ತಕರಾರಿಲ್ಲ, ಒಳಗಿದ್ದದ್ದಕ್ಕೆ ಇದೆ. 'ವರ್ಡ್ 95 ಅಂತರ ಬಿಡುತ್ತಿದ್ದ ಹಾಗೆ ಅಂತರ ಬಿಡು' ಎಂಬಂಥ ಸೂಚನೆಗಳು ಅದರಲ್ಲಿದ್ದವು. ವರ್ಡ್ 95 ಹೇಗೆ ಬಿಡುತ್ತಿತ್ತು ಎಂದು ಮಾತ್ರ ಬರೆದಿರಲಿಲ್ಲ. ಅಡಿಕೆ ಬೇಯಿಸುವ ವಿಧಾನ ಬರೆದುಕೊಡಿ ಎಂದರೆ 'ನಮ್ಮ ಅಪ್ಪಯ್ಯ ಬೇಯಿಸುತ್ತಿದ್ದ ಹಾಗೆ ಬೇಯಿಸಿ' ಎಂದು ಬರೆದುಕೊಟ್ಟಂತಾಯಿತು. ಲೆಕ್ಕದ ಹಾಳೆಯ ಕತೆ ಇನ್ನೂ ಸೊಗಸು. ಎಕ್ಸೆಲ್‌ನ ಪ್ರಕಾರ 1900ನೇ ಇಸವಿಯಲ್ಲಿ ಫೆಬ್ರವರಿ 29 ಇದೆ. ನಿಜವಾಗಿ ಅಂಥದೊಂದು ದಿನ ಇರಲೇ ಇಲ್ಲ, 1900 ಅಧಿಕ ವರ್ಷವಲ್ಲ. ಹಿಂದೆ ಲೋಟಸ್ 1-2-3 ಎಂಬ ತಂತ್ರಾಂಶದಲ್ಲಿದ್ದ ತಪ್ಪನ್ನು ಹೊಂದಾಣಿಕೆಗಾಗಿ ಎಕ್ಸೆಲ್ ಉಳಿಸಿಕೊಂಡಿತು, ಎಕ್ಸೆಲ್‌ಗಾಗಿ ಆ ದಾಖಲೆ ಉಳಿಸಿಕೊಂಡಿತು. ನಮ್ಮ ಪಂಚಾಂಗದಲ್ಲಿ ತಿಥಿ ಕ್ಷಯವಾಗುವುದುಂಟು, ಆದರೆ ಸೂರ್ಯ ಹುಟ್ಟದ ದಿನವನ್ನು ಯಾವ ಜೋಯಿಸರೂ ಬರೆದದ್ದಿಲ್ಲ.

2007ರ ಸೆಪ್ಟೆಂಬರಿನಲ್ಲಿ ಐಎಸ್‌ಒ ಮತಕ್ಕೆ ಹಾಕಿದಾಗ ಭಾರತ 'ಇಲ್ಲ' ಎಂದಿತು. ಪ್ರಸ್ತಾಪ ಆ ಸಲ ಬಿತ್ತು. 2008ರ ಫೆಬ್ರವರಿಯಲ್ಲಿ ಜಿನೀವಾದಲ್ಲಿ ಸಭೆ ಸೇರಿ ತಿದ್ದಿದ ಮೇಲೆ ಮತ್ತೆ ಬಂತು. ಭಾರತ ತನ್ನ 'ಇಲ್ಲ'ವನ್ನು ಬದಲಿಸಲಿಲ್ಲ, ಆದರೂ ಪಾಸಾಯಿತು. ಭಾರತ, ಬ್ರೆಜಿಲ್, ದಕ್ಷಿಣ ಆಫ್ರಿಕಾ, ವೆನೆಜುವೆಲಾ ಮೇಲ್ಮನವಿ ಹಾಕಿದವು, ಅವೂ ತಿರಸ್ಕೃತವಾದವು. ಹೊರದೇಶದಲ್ಲಿ ಇಷ್ಟು ಗಟ್ಟಿಯಾಗಿ ನಿಂತ ದೇಶದ ಜಿಲ್ಲಾ ಕಚೇರಿಯಲ್ಲಿ ಇಂದು ಆ ರೂಪ ಬಿಟ್ಟು ಬೇರೆಯದಕ್ಕೆ ಪ್ರವೇಶವಿಲ್ಲ ಎನ್ನುವುದು ನನಗೆ ನಗು ತರಿಸುತ್ತದೆ, ಸಿಟ್ಟು ಇಳಿದ ಮೇಲೆ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಡಾಕ್ಸ್ ಬಂದದ್ದರಿಂದ ವರ್ಡ್‌ನ ಹಳೆಯ ಡಾಕ್ ಫೈಲಿಗಿಂತ ಎಷ್ಟೋ ಉಪಕಾರವಾಗಿದೆ. ಡಾಕ್ಸ್ ಒಳಗೊಳಗೆ ಒಂದು ಜಿಪ್ ಗಂಟು, ಬಿಚ್ಚಿ ನೋಡಬಹುದು. ಪಿಎಚ್‌ಡಿ ಪ್ರಬಂಧದ ಫೈಲು ಕೆಟ್ಟು ಅಳುತ್ತಾ ಬಂದ ಹುಡುಗಿಯೊಬ್ಬಳಿಗೆ ನಾನು ಅದರ ಹೆಸರಿನ ಬಾಲ ಕತ್ತರಿಸಿ, ಜಿಪ್ ಎಂದು ಬರೆದು, ಬಿಚ್ಚಿ, ಒಳಗಿದ್ದ ಪಠ್ಯವನ್ನು ಪೂರ್ತಿ ತೆಗೆದುಕೊಟ್ಟಿದ್ದೇನೆ. ಹಳೆಯ ಡಾಕ್ ಆಗಿದ್ದರೆ ನನ್ನ ಕೈಯಲ್ಲಿ ಅದು ಆಗುತ್ತಿರಲಿಲ್ಲ. ಡಾಕ್ಸ್‌ನಲ್ಲೂ ಎರಡು ಬಗೆಯಿದೆ, ಕಟ್ಟುನಿಟ್ಟಿನದ್ದು ಮತ್ತು ಹಳೆಯ ಚಾಳಿಗಳನ್ನೆಲ್ಲ ಹೊತ್ತು ತಂದದ್ದು. ನೀವು ಏನೂ ಆರಿಸದೆ ಉಳಿಸಿದರೆ ವರ್ಡ್ ಉಳಿಸುವುದು ಎರಡನೆಯದನ್ನು.

ಜಿನೀವಾದ ಮಾತು ಹಾಗಿರಲಿ. ಬೀಗ ಹಾಕಿದ ಅಕ್ಷರದ ಪಾಠ ಕನ್ನಡದವರಾದ ನಮಗೆ ಮನೆಯಲ್ಲೇ ಆಗಿದೆ, ನಾವೇ ಮಾಡಿಕೊಂಡಿದ್ದೇವೆ. ನಾನು ಹದಿನಾಲ್ಕು ವರ್ಷ ಸಹಕಾರಿ ಸಂಘವೊಂದರಲ್ಲಿ ಕಂಪ್ಯೂಟರಿನ ಕೆಲಸ ನೋಡಿಕೊಂಡವನು. 2004ರಲ್ಲಿ ಸದಸ್ಯರ ಯಾದಿಯನ್ನೆಲ್ಲ ನುಡಿಯಲ್ಲಿ ಟೈಪ್ ಮಾಡಿಸಿದೆವು. ಹೆಸರು, ತಂದೆಯ ಹೆಸರು, ಊರು, ಷೇರು ಎಲ್ಲ ಕಣ್ಣಿಗೆ ಚೆಂದ. ಆದರೆ ಕಂಪ್ಯೂಟರಿನ ಮಟ್ಟಿಗೆ ಅದರಲ್ಲಿ ಒಂದೇ ಒಂದು ಕನ್ನಡ ಅಕ್ಷರವಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟು ಅದು. ಫಾಂಟಿಲ್ಲದ ಕಡೆ ತೆರೆದರೆ 'ಕನ್ನಡ' ಎಂಬ ಪದ ಇಂಗ್ಲಿಷಿನ ಪಿ ಅಕ್ಷರ, ಬ್ರಿಟಿಷರ ಪೌಂಡಿನ ಗುರುತು, ಒಂದು ಕ್ಯೂ, ನಡುನಡುವೆ ನೆತ್ತಿಯ ಮೇಲೆ ಗೀಟು ಹೊತ್ತ ಎ, ಇಂಥವುಗಳಾಗಿ ಕಾಣುತ್ತದೆ.

ಹತ್ತು ವರ್ಷ ಬಿಟ್ಟು ಯೂನಿಕೋಡಿಗೆ, ಅಂದರೆ ಲಿಪಿಯ ಪ್ರತಿ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಡುವ ಶಿಷ್ಟತೆಗೆ, ಬದಲಿಸಲು ಕೂತಾಗ ಗೊತ್ತಾಯಿತು. ಪರಿವರ್ತಕಕ್ಕೆ ಇಂಗ್ಲಿಷು ಯಾವುದು, ಕನ್ನಡದ ವೇಷ ಹಾಕಿದ ಇಂಗ್ಲಿಷು ಯಾವುದು ಎಂದು ತಿಳಿಯಲು ದಾರಿಯೇ ಇಲ್ಲ. ಖಾತೆ ಸಂಖ್ಯೆಯ ಮುಂದೆ ಇಂಗ್ಲಿಷಿನಲ್ಲಿದ್ದ ಎರಡಕ್ಷರ ಅರ್ಥವಿಲ್ಲದ ಕನ್ನಡವಾಗಿ ಹೊರಬಂತು. ಅರ್ಕಾವೊತ್ತುಗಳು ತಮ್ಮ ಅಕ್ಷರ ಬಿಟ್ಟು ಪಕ್ಕದ ಮನೆಗೆ ಹೋಗಿ ಕೂತವು. ಮೂರು ತಿಂಗಳು ಸಂಜೆ ಸಂಜೆ ನಾನೂ ಇನ್ನೊಬ್ಬ ಗುಮಾಸ್ತರೂ ಒಂದೊಂದೇ ಹೆಸರು ಓದಿ ತಿದ್ದಿದೆವು. ಅವರು ಹೆಸರು ಕೂಗುವುದು, ನಾನು ಹ್ಞೂಂ ಎನ್ನುವುದು. ಶ್ರಾದ್ಧದಲ್ಲಿ ಮೂರು ತಲೆಮಾರು ಹೇಳಿದ ಹಾಗೆ.

ನುಡಿಯನ್ನು ದೂರುವುದು ಸುಲಭ, ನಾನು ದೂರುವುದಿಲ್ಲ. ಕನ್ನಡ 1991ರಲ್ಲೇ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿತ್ತು ಎಂಬುದು ನಿಜ, ಆದರೆ ವಿಂಡೋಸ್‌ನಲ್ಲಿ ಅದು ಕಣ್ಣಿಗೆ ಬಿದ್ದದ್ದು 2001ರ ಎಕ್ಸ್‌ಪಿಯೊಂದಿಗೆ. ಅಲ್ಲಿಯವರೆಗೆ ಕೆಲಸ ನಿಲ್ಲಿಸಿ ಕೂರಲಾಗುತ್ತಿತ್ತೇ? ಒಂದೊಂದು ಅಂಗಡಿಗೆ ಒಂದೊಂದು ಫಾಂಟಿದ್ದ ಕಾಲದಲ್ಲಿ ಕನ್ನಡ ಗಣಕ ಪರಿಷತ್ತಿನವರು ನುಡಿ ಕೊಟ್ಟು ಒಂದು ನೆಲೆ ಒದಗಿಸಿದರು. ಅದರ ಜೊತೆ ಬಂದ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ನೋಡಿ. ನಾಲ್ಕು ತಂತ್ರಾಂಶ ಬದಲಿಸಿದ್ದೇನೆ, ಈಗ ಲಿನಕ್ಸ್‌ನಲ್ಲಿದ್ದೇನೆ, ಇವತ್ತಿಗೂ ನನ್ನ ಬೆರಳು ಓಡುವುದು ಅದೇ ವಿನ್ಯಾಸದಲ್ಲಿ. ಅದನ್ನು ಯಾವ ತಂತ್ರಾಂಶವೂ ತನ್ನೊಬ್ಬನದು ಎಂದು ಕಟ್ಟಿಹಾಕಿಕೊಳ್ಳಲಿಲ್ಲ. ಫಾಂಟುಗಳು ಹೋದವು, ಕೀಲಿಮಣೆ ಉಳಿಯಿತು. ನನ್ನ ಆಕ್ಷೇಪ ಇರುವುದು 2009ರಲ್ಲಿ ಕೇಂದ್ರ ಸರ್ಕಾರ ಇ-ಆಡಳಿತಕ್ಕೆ ಯೂನಿಕೋಡೇ ಶಿಷ್ಟತೆ ಎಂದು ಹೇಳಿದ ಇಷ್ಟು ವರ್ಷಗಳ ಮೇಲೂ ಅದೇ ಹಳೆಯ ಫಾಂಟಿನಲ್ಲಿ ಹೊಸ ಸುತ್ತೋಲೆ ಹುಟ್ಟುತ್ತಿರುವುದಕ್ಕೆ.

ನಮ್ಮ ಮನೆಯ ನಾಗಂದಿಗೆಯ ಮೇಲೆ ಹೊಗೆ ಕುಡಿದ ತಾಳೆಗರಿ ಕಟ್ಟುಗಳಿವೆ, ತಿಗಳಾರಿ ಲಿಪಿಯಲ್ಲಿ. ಗರಿಗೆ ಏನೂ ಆಗಿಲ್ಲ. ಅಜ್ಜ ಓದುತ್ತಿದ್ದ, ಅಪ್ಪಯ್ಯ ತಡವರಿಸುತ್ತಿದ್ದ, ನನಗೆ ಬರುವುದಿಲ್ಲ. ನನಗದು ಪೂಜಾವಿಧಿಯ ಪ್ರಯೋಗದ ಪುಸ್ತಕವೋ ಸಾಲದ ಲೆಕ್ಕವೋ ಗೊತ್ತಿಲ್ಲ. 2024ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡಿನ 16ನೇ ಆವೃತ್ತಿಯಲ್ಲಿ ತುಳು-ತಿಗಳಾರಿಗೆ ಜಾಗ ಸಿಕ್ಕಿತು. ಆ ರಾತ್ರಿ ಕಟ್ಟು ಇಳಿಸಿ, ಧೂಳು ಒರೆಸಿ, ಗರಿಯೊಂದನ್ನು ದೀಪಕ್ಕೆ ಹಿಡಿದು ಸುಮ್ಮನೆ ನೋಡಿದೆ. ಇದರ ಪ್ರತಿ ಅಕ್ಷರಕ್ಕೂ ಈಗ ಲೋಕವೆಲ್ಲ ಒಪ್ಪಿದ ಒಂದು ಸಂಖ್ಯೆಯಿದೆ. ಅಜ್ಜನ ತಾಳೆಗರಿಗೆ ಸಿಕ್ಕ ಭಾಗ್ಯ ಅಕ್ಕನ ಅರ್ಜಿ ನಮೂನೆಗೆ ಸಿಕ್ಕಿಲ್ಲ.

ನೀತಿಯ ಕೊರತೆಯೇನೂ ಇಲ್ಲ. 2010ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಇ-ಆಡಳಿತಕ್ಕೆ ಮುಕ್ತ ಶಿಷ್ಟತೆಗಳ ನೀತಿ ತಂದಿತು, ಒಂದು ಕೆಲಸಕ್ಕೆ ಆದಷ್ಟು ಮಟ್ಟಿಗೆ ಒಂದೇ ಶಿಷ್ಟತೆ, ಅದಕ್ಕೆ ರಾಯಧನ ಇರಬಾರದು ಎಂದು. ಅದು ಯಾಕೆ ಮೇಜಿನವರೆಗೆ ಬರಲಿಲ್ಲ ಎಂಬುದಕ್ಕೆ ನನ್ನದೊಂದು ಅನುಮಾನವಿದೆ, ಹೇಳಲು ಸ್ವಲ್ಪ ನಾಚಿಕೆ. ನನ್ನ ಅಂಗಡಿಯಲ್ಲೂ ಮೊದಲೆರಡು ವರ್ಷ ಇದ್ದದ್ದು ಕದ್ದ ಆಫೀಸೇ. ಜೆರಾಕ್ಸ್ ಯಂತ್ರ ಮಾರಿದ ಹುಡುಗ ಚಾ ಕುಡಿಯುತ್ತಾ ಹಾಕಿಕೊಟ್ಟು ಹೋಗಿದ್ದ. ಬೆಲೆ ಕೊಡದವನಿಗೆ ಬೀಗ ಕಾಣುವುದಿಲ್ಲ. ಊರಿನ ಎಲ್ಲ ಅಂಗಡಿಗಳಿಗೂ ಒಂದೇ ದಿನ ಆಫೀಸಿನ ಬಿಲ್ಲು ಬಂದಿದ್ದರೆ ಒಡಿಎಫ್ ಪರವಾಗಿ ಶಿರಸಿಯ ಬಿಡಕಿ ಬೈಲಿನಲ್ಲಿ ಸಭೆ ನಡೆಯುತ್ತಿತ್ತು.

ಈಗ ಸ್ವದೇಶಿಯ ಗಾಳಿ ಬೀಸುತ್ತಿದೆ. 2025ರಲ್ಲಿ ಕೇಂದ್ರದ ಕೆಲವು ಮಂತ್ರಿಗಳು ಕಚೇರಿ ಕೆಲಸಕ್ಕೆ ಜೋಹೋ ಕಂಪನಿಯ ತಂತ್ರಾಂಶಕ್ಕೆ ಬದಲಾದರು, ನಮ್ಮ ದೇಶದ ಕಂಪನಿ ಎಂದು ನನಗೂ ಸಂತೋಷವಾಯಿತು. ಆದರೆ ತಂತ್ರಾಂಶ ಎಲ್ಲಿಯದು ಎಂಬ ಪ್ರಶ್ನೆ ಬೇರೆ, ಫೈಲು ಯಾವ ರೂಪದ್ದು ಎಂಬ ಪ್ರಶ್ನೆ ಬೇರೆ. ನಾಳೆ ಆ ತಂತ್ರಾಂಶವನ್ನೂ ಬಿಡಬೇಕೆನಿಸಿದರೆ ಬರೆದದ್ದನ್ನೆಲ್ಲ ಹೊತ್ತು ಹೊರಬರಲು ಆಗಬೇಕು. ನಮ್ಮ ಸಂಘದ ಲೆಕ್ಕದ ತಂತ್ರಾಂಶ ಅಪ್ಪಟ ಸ್ವದೇಶಿಯೇ ಆಗಿತ್ತು. ಬಿಡುತ್ತೇವೆ ಎಂದ ದಿನ, ನಮ್ಮದೇ ಎಂಟು ವರ್ಷದ ಲೆಕ್ಕವನ್ನು ನಮಗೇ ತೆಗೆದುಕೊಡಲು ಬೇರೆ ಹಣ ಕೇಳಿದರು.

ಹೊರಗಿನವರದ್ದೂ ನೇರ ದಾರಿಯೇನಲ್ಲ. ಬ್ರಿಟನ್ 2014ರಲ್ಲಿ ತಿದ್ದಬಹುದಾದ ಸರ್ಕಾರಿ ಕಡತಗಳಿಗೆ ಒಡಿಎಫ್ ಎಂದಿತು. ಮುಕ್ತ ತಂತ್ರಾಂಶಕ್ಕೆ ಹೋಗಿ ಹೆಸರಾದ ಮ್ಯೂನಿಕ್ ನಗರ 2017ರಲ್ಲಿ ವಿಂಡೋಸ್‌ಗೆ ಮರಳಲು ತೀರ್ಮಾನಿಸಿತು. ಅದೇ ಜರ್ಮನಿಯ ಶ್ಲೆಸ್‌ವಿಗ್-ಹೋಲ್‌ಸ್ಟೈನ್ ರಾಜ್ಯ 2024ರಲ್ಲಿ ಮೂವತ್ತು ಸಾವಿರ ಕಂಪ್ಯೂಟರುಗಳನ್ನು ಲಿಬ್ರೆಆಫೀಸಿಗೆ ಬದಲಿಸುತ್ತೇವೆ ಎಂದಿತು. ಹೋಗುವುದು, ಮರಳುವುದು ನಡೆದೇ ಇರುತ್ತದೆ. ಗುಮಾಸ್ತರು ಹೊಸದಕ್ಕೆ ಒಲ್ಲೆ ಎಂದರೆ ಅವರನ್ನು ದಡ್ಡರೆಂದು ಬೈಯುವ ನನ್ನ ಮುಕ್ತ ತಂತ್ರಾಂಶದ ಗೆಳೆಯರ ಮೇಲೆ ನನಗೆ ಬೇಸರವಿದೆ. ಸಂಜೆ ಐದೂವರೆಗೆ ಮೇಲಿನಿಂದ ಫೋನು, ಆರಕ್ಕೆ ವರದಿ ಹೋಗಬೇಕು, ಆ ಹೊತ್ತಿಗೆ ಕೋಷ್ಟಕ ಚದುರಿದರೆ ಉತ್ತರ ಕೊಡಬೇಕಾದವರು ಅವರು, ನಾವಲ್ಲ.

ಹಾಗಾಗಿ ನಾನು ಕೇಳುವುದು ಬಹಳ ಚಿಕ್ಕದು. ಕಚೇರಿಯವರು ತಮ್ಮ ಮೇಜಿನ ಮೇಲೆ ಯಾವುದನ್ನಾದರೂ ಬಳಸಲಿ. ಕಚೇರಿಯ ಬಾಗಿಲಲ್ಲಿ, ಜನರಿಂದ ಪಡೆಯುವಲ್ಲಿ ಮತ್ತು ಜನರಿಗೆ ಕೊಡುವಲ್ಲಿ, ಒಡಿಎಫ್ ತಂದವನನ್ನು ಹಿಂದಕ್ಕೆ ಕಳುಹಿಸಬೇಡಿ. ಓದಲಿಕ್ಕಷ್ಟೇ ಇರುವುದನ್ನು ಪಿಡಿಎಫ್ ಮಾಡಿ ಕೊಡಿ. ಕನ್ನಡವನ್ನು ಯೂನಿಕೋಡಿನಲ್ಲಿ ಬರೆಯಿರಿ. ವರ್ಡ್‌ನಲ್ಲೇ 2009ರಿಂದ ಒಡಿಎಫ್ ತೆರೆಯುವ, ಉಳಿಸುವ ಸೌಲಭ್ಯವಿದೆ, ಒಂದು ರೂಪಾಯಿಯ ಖರ್ಚಿಲ್ಲ.

ಅಕ್ಕನ ಅರ್ಜಿಗೆ ಮೊನ್ನೆ ಉತ್ತರ ಬಂತು, ಮೊಬೈಲಿಗೇ. ನಾನು ಊಟಕ್ಕೆ ಕೂತಿದ್ದಾಗ ಅದರ ಚಿತ್ರ ತೆಗೆದು ನನಗೆ ಕಳುಹಿಸಿದರು. ಪರದೆಯ ತುಂಬ ಪೌಂಡಿನ ಗುರುತು, ಕ್ಯೂ, ಗೀಟು ಹೊತ್ತ ಎಗಳು. ಕೆಳಗೆ ಅವರ ಧ್ವನಿ ಸಂದೇಶ: "ತಮ್ಮಾ, ಇದು ಮಂಜೂರಾಗಿದೆಯೋ ಇಲ್ಲವೋ, ಸ್ವಲ್ಪ ಓದಿ ಹೇಳು. ಮಿಡಿಯವನು ಮುಂಗಡ ಕೇಳುತ್ತಿದ್ದಾನೆ."