ಗಾಳಿಗೆ ಉರುಳಿದ ತೋಟದ ಕಾಡುಮರ: ಮತ್ತೆ ಬೆಳೆಸಲು ಸರ್ಕಾರ ಹಣ ಕೊಡಬೇಕೆ?

ಪರ: ಬೆಳೆಯ ಜೊತೆ ಮರವೂ ಲೆಕ್ಕಕ್ಕೆ ಬರಲಿ

ಪುನರ್ವಸು, ಪುಷ್ಯ ಮಳೆಗಳ ಹೊತ್ತಿಗೆ ಕೊಡಗು, ಮೂಡಿಗೆರೆ, ಸಕಲೇಶಪುರದ ಕಾಫಿ ತೋಟಗಳ ಮಣ್ಣು ನೀರು ಕುಡಿದು ಮೆತ್ತಗಾಗಿರುತ್ತದೆ. ಬೇರಿಗೆ ಹಿಡಿತ ಸಾಲದು. ಆಗ ಪಡುವಣ ಗಾಳಿ ಜೋರಾಯಿತೆಂದರೆ ಅಜ್ಜನ ಕಾಲದ ಅತ್ತಿಯೋ ನಂದಿಯೋ ಬುಡಸಮೇತ ಮಗುಚುತ್ತದೆ. ಹಬ್ಬಿದ ಮೆಣಸಿನ ಬಳ್ಳಿ, ಅಡಿಯಲ್ಲಿದ್ದ ಕಾಫಿ ಗಿಡ, ಪಕ್ಕದ ಎಳೆಮರ, ಕರೆಂಟಿನ ತಂತಿ ಎಲ್ಲವನ್ನೂ ಎಳೆದುಕೊಂಡೇ ಬೀಳುತ್ತದೆ.

ಕಂದಾಯ ಇಲಾಖೆಯವರು ಸಮೀಕ್ಷೆಗೆ ಬಂದಾಗ ಲೆಕ್ಕಕ್ಕೆ ಸಿಗುವುದು ಬೆಳೆ ಮಾತ್ರ. 2022ರಲ್ಲಿ ಪರಿಷ್ಕರಿಸಿದ ವಿಪತ್ತು ಪರಿಹಾರ ಮಾರ್ಗಸೂಚಿಯಂತೆ, ಬಹುವಾರ್ಷಿಕ ಬೆಳೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾಳಾದರೆ ಹೆಕ್ಟೇರಿಗೆ 22,500 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ. ಬೆಳೆಗೆ ನೆರಳು ಕೊಟ್ಟಿದ್ದ ಮರವನ್ನು ಮತ್ತೆ ಬೆಳೆಸಲು ಅದರಲ್ಲಿ ಏನೂ ಇಲ್ಲ.

ಕಾಫಿ ಗಿಡವನ್ನು ಮತ್ತೆ ನೆಟ್ಟರೆ ಮೂರ್ನಾಲ್ಕು ವರ್ಷಕ್ಕೆ ಫಸಲು ಕಾಣಬಹುದು. ನೆರಳಿನ ಮರಕ್ಕೆ ದಶಕಗಳೇ ಬೇಕು. ಅಷ್ಟರಲ್ಲಿ ತೆರೆದ ಜಾಗಕ್ಕೆ ಬಿಸಿಲು ಬಿದ್ದು ಅರೇಬಿಕಾ ಜಾತಿಯ ಕಾಫಿಗೆ ಬಿಳಿ ಕಾಂಡಕೊರಕ ಹುಳು ಹತ್ತುತ್ತದೆ. ಬಿಸಿಲು ತಾಗುವ ಕಾಂಡದ ಬಿರುಕುಗಳಲ್ಲಿ ದುಂಬಿ ಮೊಟ್ಟೆಯಿಡುತ್ತದೆ, ಹುಳು ಒಳಗೊಳಗೇ ಕೊರೆಯುತ್ತದೆ, ಎಲೆ ಹಳದಿಯಾಗಿ ಬಾಡುವಾಗ ಗಿಡ ಕಿತ್ತು ಸುಡದೆ ಗತಿಯಿಲ್ಲ. ಕಾಂಡಕೊರಕ ಒಮ್ಮೆ ನೆಲೆಯೂರಿದರೆ ಪಕ್ಕದ ತೋಟದವರೂ ನೆಮ್ಮದಿಯಾಗಿ ಮಲಗುವಂತಿಲ್ಲ.

ಈ ಅವಸರದಲ್ಲಿ ಬೆಳೆಗಾರರ ಕೈ ಹೋಗುವುದು ಸಿಲ್ವರ್ ಓಕ್ ಕಡೆಗೆ. ಬೇಗ ಬೆಳೆಯುತ್ತದೆ, ನೆಟ್ಟಗೆ ಏರುತ್ತದೆ, ಮೆಣಸು ಹಬ್ಬಿಸಬಹುದು, ಮುಂದೆ ಕಡಿಯಲು ಅರಣ್ಯ ಇಲಾಖೆಯ ತಂಟೆಯೂ ಕಡಿಮೆ. ಸಾಲದಲ್ಲಿರುವ ಸಣ್ಣ ಬೆಳೆಗಾರ ಹಾಗೆ ಮಾಡಿದರೆ ನಾನು ದೂರಲಾರೆ. ಆದರೆ ಒಂದೊಂದು ಗಾಳಿಮಳೆಗೂ ಹಲಸು, ಬಸರಿ, ಗೋಣಿ, ಹೊನ್ನೆ ಹೋಗಿ ಅವುಗಳ ಜಾಗಕ್ಕೆ ಆಸ್ಟ್ರೇಲಿಯಾ ಮೂಲದ ಒಂದೇ ಜಾತಿ ಬಂದು ನಿಲ್ಲುತ್ತಿದೆ. ಮಂಗಟ್ಟೆ ಹಕ್ಕಿಗೆ ಬೇಕಾದ ಹಣ್ಣು ಸಿಲ್ವರ್ ಓಕ್ ಬಿಡುವುದಿಲ್ಲ.

ಇದು ತೋಟದ ಬೇಲಿಯೊಳಗಿನ ವಿಷಯವಷ್ಟೇ ಅಲ್ಲ. ಕೊಡಗಿನ ಬಹುಪಾಲು ಕಾವೇರಿಯ ಜಲಾನಯನ. ಈ ಮರಗಳ ಬುಡದಲ್ಲಿ ಇಂಗುವ ನೀರನ್ನೇ ಮೈಸೂರು, ಮಂಡ್ಯ, ಬೆಂಗಳೂರು ಕುಡಿಯುತ್ತವೆ. ಅದನ್ನು ಕಾಪಾಡುವ ಖರ್ಚೆಲ್ಲ ಎರಡು ಹೆಕ್ಟೇರಿನವನ ತಲೆಯ ಮೇಲೇ ಏಕಿರಬೇಕು?

ಬಿದ್ದ ಮರದ ಬೆಲೆ ಕೊಡಿ ಎಂದು ನಾನು ಕೇಳುತ್ತಿಲ್ಲ. ಬಿದ್ದದ್ದನ್ನು ತೆರವು ಮಾಡಲು, ನಾಡುಮರದ, ಅಂದರೆ ಇಲ್ಲಿನದೇ ಜಾತಿಯ ಕಾಡುಮರದ ಸಸಿ ನೆಡಲು, ಅದು ಬೇರೂರುವವರೆಗೆ ನೋಡಿಕೊಳ್ಳಲು ತಗಲುವ ಖರ್ಚಿನಲ್ಲಿ ಒಂದು ಪಾಲು ಸಾಕು. ಅಮೆರಿಕದಲ್ಲಿ ಖಾಸಗಿ ಕಾಡಿನ ಮಾಲೀಕರಿಗೆ ಇಂಥದೇ ತುರ್ತು ಯೋಜನೆಯಿದೆ. ಚಂಡಮಾರುತದಲ್ಲಿ ಕಾಡು ಹಾಳಾದರೆ ಪುನಃಸ್ಥಾಪನೆಯ ವೆಚ್ಚದಲ್ಲಿ ಶೇ 75ರವರೆಗೆ ಅಲ್ಲಿನ ಕೃಷಿ ಇಲಾಖೆ ಭರಿಸುತ್ತದೆ. ನಮ್ಮಲ್ಲೂ 2011-12ರಿಂದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಡಿ ಬದುಕುಳಿದ ಸಸಿ ಎಣಿಸಿ ಮೂರು ವರ್ಷ ಹಣ ಕೊಡುವ ಪದ್ಧತಿ ನಡೆದುಬಂದಿದೆ. ಗಾಳಿಗೆ ತೆರವಾದ ಜಾಗಕ್ಕೆ ಅದೇ ಯೋಜನೆಯಲ್ಲಿ ಹೆಚ್ಚಿನ ದರ ಇಟ್ಟು, ನಾಡುಮರಕ್ಕೆ ಮಾತ್ರ ಎಂದು ಷರತ್ತು ಹಾಕಲಿ. ಸಸಿ ಯಾವುದು, ಅಂತರ ಎಷ್ಟು ಎಂದು ಹೇಳಿಕೊಡಲು ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜೇ ಇದೆ.

ವಿರೋಧ: ಹಣಕ್ಕಿಂತ ಮೊದಲು ಹಕ್ಕು ಕೊಡಿ

ದೊಡ್ಡ ಮರ ಉರುಳಿದ್ದನ್ನು ಕಂಡರೆ ನನಗೂ ಸಂಕಟವೇ. ಆದರೂ ಈ ನೆರವು ಬೇಡ ಎನ್ನುತ್ತೇನೆ.

ಬೆಳೆಗಾರ ನಾಡುಮರ ಬಿಟ್ಟು ಸಿಲ್ವರ್ ಓಕ್ ನೆಡುವುದು ಸಸಿಗೆ ದುಡ್ಡಿಲ್ಲದೆ ಅಲ್ಲ, ನಾಡುಮರದ ಮೇಲೆ ತನಗೆ ಹಕ್ಕಿಲ್ಲ ಎಂಬ ಭಯಕ್ಕೆ. ಕೊಡಗಿನ ಅನ್‌ರಿಡೀಮ್ಡ್ ಜಮೀನಿನಲ್ಲಿ ನೆಲ ಮಾಲೀಕನ ಹೆಸರಿನಲ್ಲಿದ್ದರೂ ಮರ ಸರ್ಕಾರದ್ದು. ಸರ್ಕಾರಕ್ಕೆ ಬೆಲೆ ಕಟ್ಟದೆ ಮಾರುವಂತಿಲ್ಲ. ಉಳಿದ ಕಡೆಯೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆ, ಸಾಗಣೆ ಪರವಾನಗಿ, ಅರ್ಜಿ, ಮಹಜರು. ಬೀಟೆ ಮರವೊಂದು ಗಾಳಿಗೆ ಬಿದ್ದರೆ ಅನುಮತಿಗೆ ಓಡಾಡುವಷ್ಟರಲ್ಲಿ ಮಳೆಗಾಲ ಕಳೆದಿರುತ್ತದೆ. ಬೀಟೆಯ ತಿರುಳು ಗಟ್ಟಿ, ತಡೆದುಕೊಂಡೀತು. ಮೆದು ಜಾತಿಯ ದಿಮ್ಮಿಗಳು ಬಿದ್ದಲ್ಲೇ ಗೆದ್ದಲ ಪಾಲಾಗುತ್ತವೆ. ಬಿದ್ದ ಮರವನ್ನು ಹೊತ್ತಿಗೆ ಸರಿಯಾಗಿ ಮಾರಲು ಬಿಟ್ಟಿದ್ದರೆ ತೆರವಿನ ಖರ್ಚು, ಹೊಸ ಸಸಿಯ ಖರ್ಚು ಎರಡೂ ಎಷ್ಟೋ ಕಡೆ ಅದರಲ್ಲೇ ಹುಟ್ಟುತ್ತಿತ್ತು. ಒಂದು ಕೈಯಲ್ಲಿ ತಡೆದು ಇನ್ನೊಂದು ಕೈಯಲ್ಲಿ ಸಹಾಯಧನ ಹಂಚುವುದು ಯಾವ ನ್ಯಾಯ?

ಷರತ್ತು ಹಾಕಿದರಾಯಿತು ಎನ್ನುವವರು ದಕ್ಷಿಣ ಸ್ವೀಡನ್ನಿನ ಕಡೆ ನೋಡಬೇಕು. 2005ರ ಜನವರಿಯಲ್ಲಿ ಬೀಸಿದ ಗುದ್ರುನ್ ಬಿರುಗಾಳಿ ಒಂದೇ ರಾತ್ರಿಯಲ್ಲಿ ಸುಮಾರು 7.5 ಕೋಟಿ ಘನ ಮೀಟರ್ ಮರ ಉರುಳಿಸಿತು. ಇಡೀ ದೇಶದ ಹೆಚ್ಚುಕಡಿಮೆ ಒಂದು ವರ್ಷದ ಕಟಾವು ಅದು. ಬಿದ್ದದ್ದರಲ್ಲಿ ಬಹುಪಾಲು ಸ್ಪ್ರೂಸ್ ಎಂಬ ಸೂಜಿ ಎಲೆಯ ಮರ, ಬಹುಪಾಲು ಸಣ್ಣ ಖಾಸಗಿ ಮಾಲೀಕರದು. ಸರ್ಕಾರ ತೆರಿಗೆ ಬಿಟ್ಟಿತು, ಮರುನಾಟಿಗೆ ನೆರವಾಯಿತು, ಅಗಲ ಎಲೆಯ ಮರ ನೆಡಿ ಎಂದು ಉತ್ತೇಜನವನ್ನೂ ಕೊಟ್ಟಿತು. ಆದರೂ ಹೆಚ್ಚಿನ ಜಾಗದಲ್ಲಿ ಮತ್ತೆ ಸ್ಪ್ರೂಸೇ ಎದ್ದಿತು. ಮಾಲೀಕ ತನಗೆ ಲಾಭವೆಂದು ಕಂಡದ್ದನ್ನೇ ನೆಡುತ್ತಾನೆ. ನಮ್ಮಲ್ಲೂ ಹಾಗೆಯೇ ಆದೀತು: ಮೂರು ವರ್ಷ ಎಣಿಕೆಗೆಂದು ಹೊನ್ನೆ ಸಸಿ ನಿಂತಿರುತ್ತದೆ, ನಾಲ್ಕನೆಯ ವರ್ಷ ಅದನ್ನು ಯಾರು ಕೇಳುತ್ತಾರೆ?

ಎಣಿಕೆಯೂ ಸುಲಭವಲ್ಲ. ಮರ ಗಾಳಿಗೇ ಬಿತ್ತೇ? ಮರಗಸಿ ಮಾಡುವಾಗ, ಅಂದರೆ ನೆರಳು ತಗ್ಗಿಸಲು ಕೊಂಬೆ ಕಡಿಯುವಾಗ, ಒಂದೇ ಮಗ್ಗುಲು ಸವರಿ ಭಾರ ವಾಲಿತೇ? ಹೋಂಸ್ಟೇಗೋ ರಸ್ತೆಗೋ ಬುಡದ ಮಣ್ಣು ಬಗೆದದ್ದಕ್ಕೆ ಬಿತ್ತೇ? ದಿಮ್ಮಿ ಕತ್ತರಿಸಿದ ಮೇಲೆ ಯಾವ ಅಧಿಕಾರಿಯೂ ಹೇಳಲಾರ. ಗುಡ್ಡ ಕೊರೆದವನಿಗೂ ಅದೇ ಹಣ ಸಿಕ್ಕರೆ, ಇಳಿಜಾರನ್ನು ಮುಟ್ಟದೆ ಕಾಪಾಡಿದವನಿಗೆ ಅನ್ಯಾಯ. ಹಣ ಮರದ ಲೆಕ್ಕದಲ್ಲಿ ಹೋಗುವುದರಿಂದ ಹೆಚ್ಚು ಮರವಿರುವ ದೊಡ್ಡ ಎಸ್ಟೇಟುಗಳಿಗೇ ಹೆಚ್ಚು ಹೋಗುತ್ತದೆ. 2024-25ರಲ್ಲಿ ಕಾಫಿಗೆ ದಾಖಲೆಯ ದರ ಕಂಡವರಿಗೆ ತೆರಿಗೆದಾರನ ಹಣ ಏಕೆ?

ಎದುರು ಪಕ್ಷದ ಒಂದು ಮಾತನ್ನು ಒಪ್ಪುತ್ತೇನೆ. ಕಾಂಡಕೊರಕ ಕಾಯುವುದಿಲ್ಲ, ನೆರಳು ಬೇಗ ಬೇಕು. ಅದಕ್ಕೆ ಹಾಲುವಾಣದ ಗೂಟ ನೆಟ್ಟರೆ ಚಿಗುರುತ್ತದೆ ಎಂಬುದನ್ನು ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆ ತಾತ್ಕಾಲಿಕ ನೆರಳಿನಡಿ ಹಕ್ಕಿ ಉದುರಿಸಿದ ಬೀಜದಿಂದ ತಾನಾಗಿ ಹುಟ್ಟಿದ ಕಾಡುಸಸಿಗಳನ್ನು ಕಳೆ ತೆಗೆಯುವಾಗ ಸವರದೆ ಬಿಟ್ಟರೆ, ನರ್ಸರಿಯಿಂದ ತಂದದ್ದಕ್ಕಿಂತ ಚೆನ್ನಾಗಿ ನಿಲ್ಲುತ್ತವೆ.

ಸರ್ಕಾರ ಮಾಡಬೇಕಾದದ್ದು ಬೇರೆ. ಗಾಳಿಗೆ ಬಿದ್ದ ಮರದ ಸಾಗಣೆ ಪರವಾನಗಿ ಹದಿನೈದು ದಿನದೊಳಗೆ ಸಿಗಲಿ. ತಾನೇ ನೆಟ್ಟ ನಾಡುಮರ ತನ್ನದೇ ಎಂದು ಬೆಳೆಗಾರನಿಗೆ ಬರಹದಲ್ಲಿ ಸಿಗಲಿ. ಇಷ್ಟಾದ ಮೇಲೂ ಬೊಕ್ಕಸದಲ್ಲಿ ಹಣ ಉಳಿದರೆ, ಮರ ಬಿದ್ದು ವಾರಗಟ್ಟಲೆ ಕೆಲಸ ನಿಂತ ತೋಟಗಳಲ್ಲಿ ಕೂಲಿ ಕಳೆದುಕೊಂಡ ಲೈನ್ ಮನೆಗಳ ಕಾರ್ಮಿಕರಿಗೆ ಕೊಡಲಿ. ಅವರ ಹೆಸರಿನಲ್ಲಿ ಆರ್‌ಟಿಸಿ ಇಲ್ಲ, ಹಾಗಾಗಿ ಯಾವ ಸಮೀಕ್ಷೆಯಲ್ಲೂ ಅವರ ನಷ್ಟ ದಾಖಲಾಗುವುದಿಲ್ಲ.